ಇಟ್ಟಂಗಿ ಬಣ್ಣದ ಹಸಿರು ಕಾರು

ಭಾನುವಾರ ಬೆಳಿಗ್ಗೆ ರಾಯಚೂರಿನ ನಮ್ಮ ಮನೆಯಲ್ಲಿ ಮಂಡಾಳ ಒಗ್ಗರಣೆ, ಅಂದರೆ ಮಂಡಕ್ಕಿಯದು. ಅದು ಬಹಳ ವರ್ಷಗಳ ರೂಢಿ. ಆ ದಿನವೂ ಹಾಗೆಯೇ. ನಳ ಬಂದಿತ್ತು. ಹಿತ್ತಲಲ್ಲಿ ಕೊಡ ತುಂಬುವ ಸದ್ದು ಸಣ್ಣಗಾಗುತ್ತ ಹೋಗುವುದನ್ನು ಕಿವಿಯಲ್ಲೇ ಅಳೆಯುತ್ತ, ನೀರಿಗೆ ಹಾಕಿದ ಮಂಡಾಳನ್ನು ತೀರಾ ಮೆತ್ತಗಾಗುವ ಮೊದಲೇ ಹಿಂಡಿ ತೆಗೆಯುತ್ತಿದ್ದೆ. ಒಲೆಯ ಮೇಲೆ ಮೆಣಸಿನಕಾಯಿ ಬಜ್ಜಿಗೆ ಎಣ್ಣೆ ಕಾಯುತ್ತಿತ್ತು. ಬಾಜೂ ಮನೆಯವರು ಮೇಲೊಂದು ಅಂತಸ್ತು ಏರಿಸುತ್ತಿದ್ದುದರಿಂದ ನಮ್ಮ ತುಳಸಿಯ ಎಲೆಗಳ ಮೇಲೆ ದಿನಾ ಸಿಮೆಂಟಿನ ಪುಡಿ. ಸೆರಗಿನ ತುದಿಯಿಂದ ಒರೆಸಿದರೆ ಎಲೆ ಒಂದು ಕ್ಷಣ ಹಸಿರಾಗಿ ಮತ್ತೆ ಮಂಕಾಗುತ್ತಿತ್ತು.

ಗೋಡೆಯಾಚೆಯಿಂದ ಬಾಜೂ ಮನೆಯ ಆಪಾ ಕೂಗಿದರು.

"ಅಕ್ಕಾ, ಸಂಜಿಕ್ಕ ನಮ್ಮ ಕಬ್ಬಿಣದ ರಾಡ್ ಬರ್ತಾವ್ರಿ. ಓಣಿ ಜರಾ ಇಕ್ಕಟ್ಟಾಗ್ತದ. ಬ್ಯಾಸರ ಮಾಡ್ಕೋಬ್ಯಾಡ್ರಿ."

"ಬ್ಯಾಸರ ಏನ್ ಬಂತು ಆಪಾ. ನಾವೂ ಇವತ್ತ ಮಾನ್ವಿಗೆ ಹೊಂಟೀವಿ."

"ಗಾಡಿ ಯಾರು ಹೊಡಿತಾರ? ನಿಮ್ಮ ಹುಡುಗ?"

"ಹೌದ್ರಿ. ಅವರಪ್ಪ ಬಾಜೂಕ ಕೂಡ್ತಾರ."

"ಯಾ ಅಲ್ಲಾ! ಮೊನ್ನೆ ಮೊನ್ನೆ ಚಡ್ಡಿ ಹಾಕ್ಕೊಂಡು ನಮ್ಮ ಕೋಳಿ ಹಿಂದ ಓಡ್ತಿತ್ತು ಅದು!"

ಮಗನಿಗೆ ಕಲಿಯುವವರ ಲೈಸೆನ್ಸ್ ಬಂದಿತ್ತು. ಮುಂದಿನ ವಾರ ಪಕ್ಕಾ ಲೈಸೆನ್ಸಿನ ಪರೀಕ್ಷೆ. ಅದಕ್ಕೂ ಮೊದಲು ಒಮ್ಮೆ ದೊಡ್ಡ ರಸ್ತೆಯಲ್ಲಿ ಹೊಡೆಯಲಿ, ಮಾನ್ವಿಗೆ ಹೋಗಿ ಅಜ್ಜಿಯನ್ನು ನೋಡಿ ಬರೋಣ ಎಂದು ಮನೆಯವರೇ ಮಾತು ಕೊಟ್ಟಿದ್ದರು. ನನಗೆ ಮನಸ್ಸಿರಲಿಲ್ಲ. ನಮ್ಮ ತವರಿನಲ್ಲಿ ಒಬ್ಬನನ್ನು ರಸ್ತೆ ನುಂಗಿದೆ. ಆದರೆ ಹಾಗೆಂದು ಹುಡುಗನಿಗೆ ಗಾಡಿ ಕೊಡದೆ ಇರಲಿಕ್ಕಾಗುತ್ತದೆಯೇ?

"ಮಮ್ಮಿ, ಒಂದ್ನಿಮಿಷ ಬಾ ಇಲ್ಲಿ. ಮುಗೀತು ನೋಡು!" ಮಗ ತನ್ನ ಕೋಣೆಯಿಂದ ಕರೆದ.

ಮುಗಿದದ್ದು ಅವನ ಕಾರು. ಕಂಪ್ಯೂಟರಿನಲ್ಲಿ ಅವನದೊಂದು ಕಾರು ಓಡಿಸುವ ಆಟವಿದೆ. ಆದರೆ ಓಡಿಸುವುದಕ್ಕಿಂತ ಬಣ್ಣ ಹಚ್ಚುವುದರಲ್ಲೇ ಅವನಿಗೆ ಹೆಚ್ಚು ಖುಷಿ. ಬೇರೆ ಬೇರೆ ದೇಶಗಳ ಹಳೆಯ ರೇಸಿಂಗ್ ತಂಡಗಳು ಒಂದು ಕಾಲದಲ್ಲಿ ತಮ್ಮ ಕಾರುಗಳಿಗೆ ಯಾವ ಬಣ್ಣ ಕೊಡುತ್ತಿದ್ದವು, ಪಟ್ಟೆ ಎಲ್ಲಿ ಎಳೆಯುತ್ತಿದ್ದವು, ಬಿಳಿ ದುಂಡಿನೊಳಗೆ ನಂಬರನ್ನು ಹೇಗೆ ಕೂಡಿಸುತ್ತಿದ್ದವು ಎಂಬುದನ್ನೆಲ್ಲ ಹಳೆಯ ಫೋಟೋ ನೋಡಿ ಹಾಗೆಯೇ ಮಾಡಬೇಕು. ಆಟ ಕೊಡುವುದು ಬರೀ ಚೌಕ, ದುಂಡು, ತ್ರಿಕೋನ. ಅವುಗಳನ್ನೇ ಎಳೆದು, ಓರೆ ಮಾಡಿ, ಒಂದರ ಮೇಲೊಂದು ಹೇರಬೇಕು, ಬಣ್ಣವನ್ನೂ ಕಣ್ಣಳತೆಯಲ್ಲೇ ಹೊಂದಿಸಬೇಕು. ಎಡಕ್ಕೆ ಮಾಡಿದ್ದನ್ನು ಬಲಕ್ಕೆ ತಿರುವಿದರೆ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ಅವನ್ನು ಮತ್ತೆ ಒಂದೊಂದಾಗಿ ಬಿಡಿಸಬೇಕು. ಅವನು ಮಾಡುವುದನ್ನು ಹಿಂದೆ ನಿಂತು ನೋಡಿದಾಗಲೆಲ್ಲ ನನಗೆ ಅವ್ವ ಕೌದಿ ಹೊಲಿಯುವುದೇ ನೆನಪಾಗುತ್ತಿತ್ತು. ಹಳೆ ಸೀರೆಯ ತುಂಡು, ಅದರ ಮೇಲೊಂದು ತುಂಡು, ಅಂಚಿಗೆ ಅಂಚು.

ಅಲ್ಲಿಯವರೆಗೆ ಅವನು ಮಾಡಿದ್ದವೆಲ್ಲ ಕಣ್ಣಿಗೆ ಒತ್ತಿಕೊಳ್ಳುವಂತಿದ್ದವು. ಆಕಾಶದ ನೀಲಿಗೆ ಕಿತ್ತಳೆ ಪಟ್ಟೆಯದೊಂದು. ಕಪ್ಪಿಗೆ ಸೀರೆಯ ಜರಿಯಷ್ಟು ತೆಳ್ಳಗೆ ಬಂಗಾರದ ಗೆರೆಯದೊಂದು. ಆ ದಿನದ್ದು ಇಂಗ್ಲೆಂಡಿನ ಹಳೆಯ ತಂಡವೊಂದರ ಕಾರು. ಪಕ್ಕದಲ್ಲಿ ಫೋನ್ ಆನಿಸಿಟ್ಟಿದ್ದ. ಫೋನಿನ ಫೋಟೋದಲ್ಲಿ ಕಡು ಹಸಿರು ಕಾರು, ನೆರಳಿನಲ್ಲಿ ನಿಂತ ಬೇವಿನ ಹಸಿರು. ಮೂತಿಗೆ ಅಡ್ಡಲಾಗಿ ಹಳದಿ ಪಟ್ಟೆ.

"ಹೆಂಗದ? ಸೇಮ್ ಟು ಸೇಮ್ ಅದ ಇಲ್ಲೋ?"

ದೊಡ್ಡ ಪರದೆಯ ಮೇಲೆ ನಿಧಾನವಾಗಿ ತಿರುಗುತ್ತಿದ್ದ ಅವನ ಕಾರಿಗೆ ಹಳದಿ ಪಟ್ಟೆ ಸರಿಯಾಗಿತ್ತು. ನಂಬರೂ ಸರಿ. ಮೈ ಮಾತ್ರ ಇಟ್ಟಂಗಿ ಬಣ್ಣ.

"ಹಸಿರು ಎಲ್ಲದನೋ?"

"ಕಣ್ಣೆದುರಿಗೇ ಅದಲ್ಲ ಮಮ್ಮಿ. ಇಡೀ ಕಾರೇ ಹಸಿರು."

ತಮಾಷೆ ಮಾಡುತ್ತಿದ್ದಾನೆಂದು ಅವನ ಮುಖ ನೋಡಿದೆ. ಹೊಗಳಿಕೆಗೆ ಕಾಯುವ ಮುಖ. ನನ್ನ ಮುಂಗೈ ಮೇಲಿನ ಕೂದಲು ಎದ್ದು ನಿಂತಿತು. ಅವನು ಬಣ್ಣ ತಪ್ಪಿದ್ದಕ್ಕಲ್ಲ. ಆ ಕಾರನ್ನು ನಾನು ಮೊದಲೇ ನೋಡಿದ್ದೆ. ಅದೇ ಇಟ್ಟಂಗಿ ಮೈ, ಅದೇ ಹಳದಿ ಪಟ್ಟೆ. ಮಾನ್ವಿಯ ಮನೆಯ ಅಲಮಾರಿಯ ಬಾಗಿಲಿನ ಒಳಮೈಯಲ್ಲಿ, ನನ್ನ ಮದುವೆಗೂ ಎಷ್ಟೋ ಮೊದಲು, ನಮ್ಮ ಅಣ್ಣ ಬರೆದದ್ದು. ಆ ಅಲಮಾರಿಗೆ ಅವ್ವ ಕೀಲಿ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಾಳೆ. ನನ್ನ ಮಗ ಅದರ ಒಳಗನ್ನು ನೋಡಿಯೇ ಇಲ್ಲ.

ಅಡಿಗೆಮನೆಯಿಂದ ಎಣ್ಣೆ ಸುಟ್ಟ ವಾಸನೆ ಬಂತು. ಓಡಿದೆ.

ಅಣ್ಣನ ವಿಷಯ ಹೇಳಬೇಕು. ನಾನು ಓದಿದ್ದು ರಾಯಚೂರಿನ ಕಾನ್ವೆಂಟಿನಲ್ಲಿ, ಅಲ್ಲಿನ ಹಾಸ್ಟೆಲಿನಲ್ಲಿದ್ದುಕೊಂಡು. ಚಿತ್ರಕಲೆಯ ಸಿಸ್ಟರ್ ಕತ್ತರಿಸಿ ಅಂಟಿಸಲೆಂದು ನಮಗೆ ಹಳೆಯ ವಿದೇಶಿ ಪತ್ರಿಕೆಗಳನ್ನು ಕೊಡುತ್ತಿದ್ದರು. ಬೇರೆ ಹುಡುಗಿಯರು ಹೂವು, ಬೆಕ್ಕಿನ ಮರಿ ಕತ್ತರಿಸಿದರೆ ನಾನು ರೇಸಿನ ಕಾರುಗಳ ಹಾಳೆಗಳನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಸೇರಿಸುತ್ತಿದ್ದೆ. ರಜೆಗೆ ಮಾನ್ವಿಗೆ ಹೋದಾಗ ಅಣ್ಣ ಮೊದಲು ಕೇಳುತ್ತಿದ್ದುದು ನನ್ನನ್ನಲ್ಲ, ಆ ಹಾಳೆಗಳನ್ನು. ಒಮ್ಮೆ ಬೇಸಿಗೆಯಲ್ಲಿ ಅಪ್ಪ ಮನೆಯ ಕಿಟಕಿ ಬಾಗಿಲುಗಳಿಗೆ ಬಣ್ಣ ಹೊಡೆಸಿದ್ದರು. ಬಾಗಿಲಿಗೆ ಹಚ್ಚಿ ಉಳಿದ ಹಸಿರು, ಕಬ್ಬಿಣದ ಸರಳಿಗೆ ಹಚ್ಚಿ ಉಳಿದ ಇಟ್ಟಂಗಿ ಬಣ್ಣದ ರೆಡ್ ಆಕ್ಸೈಡ್, ಎರಡೂ ಡಬ್ಬಿ ಜಗಲಿಯ ಮೇಲಿದ್ದವು. ಅಣ್ಣ ಅಲಮಾರಿಯ ಬಾಗಿಲು ತೆರೆದು ಒಳಮೈಗೆ ಕಾರು ಬರೆಯಲು ಕೂತ. ನಾನು ಎದುರಿಗೆ ಹಾಳೆ ಹಿಡಿದು ನಿಂತಿದ್ದೆ.

"ಅಣ್ಣಾ, ಚಿತ್ರದಾಗ ಹಸಿರದ."

"ಹಸಿರೇ ಹಚ್ಚಾಕತ್ತೀನಲ್ಲ ಬೇ. ಅಷ್ಟೂ ಕಲಿಸಿಲ್ಲೇನು ನಿಮ್ಮ ಕಾನ್ವೆಂಟಿನ್ಯಾಗ?"

ನನ್ನ ಕಾನ್ವೆಂಟನ್ನು ಆಡಿಕೊಳ್ಳುವುದು ಅವನಿಗೆ ದಿನದ ಊಟದಷ್ಟೇ ಸಹಜವಾಗಿತ್ತು. ಇದೂ ಹಾಗೆಯೇ ಎಂದು ನಕ್ಕುಬಿಟ್ಟೆ. ಅಲ್ಲಿಂದ ಮುಂದೆ ಅದು ನಮ್ಮಿಬ್ಬರ ಮಾತಾಯಿತು. ದಾರಿಯಲ್ಲಿ ಇಟ್ಟಂಗಿ ಕಂಡರೆ ನಾನು "ನೋಡಣ್ಣಾ, ಹಸಿರು" ಎನ್ನುವುದು, ಅವನು ನನ್ನ ತಲೆಗೊಂದು ಮೊಟಕುವುದು. ಅವನು ನಗುತ್ತಿದ್ದ. ಯಾಕೆ ನಗುತ್ತಿದ್ದಾನೆಂದು ಅವನಿಗಾದರೂ ಗೊತ್ತಿತ್ತೋ ಇಲ್ಲವೋ.

ಆಮೇಲೆ ಅವನು ರೈಲ್ವೆ ಪರೀಕ್ಷೆ ಪಾಸಾದ. ಇಂಜಿನ್ ಓಡಿಸುವ ಕೆಲಸ. ಮನೆಯಲ್ಲಿ ಪೇಡೆ ಹಂಚಿದ್ದೂ ಆಯಿತು. ವೈದ್ಯಕೀಯ ತಪಾಸಣೆಗೆಂದು ಹೋದವನು ಬರೀ ಕೈಯಲ್ಲಿ ತಿರುಗಿ ಬಂದ. ಏನಾಯಿತೆಂದು ಅಪ್ಪನಿಗೆ ಹೇಳಲಿಲ್ಲ. ಪರೀಕ್ಷೆ ಪಾಸಾದದ್ದೇ ಸುಳ್ಳು ಎಂದು ಅಪ್ಪ ತೀರ್ಮಾನಿಸಿದರು. ಅಣ್ಣ ದೇವದುರ್ಗದಲ್ಲಿ ಒಂದು ಹತ್ತಿ ಮಿಲ್ಲಿಗೆ ಸೇರಿ, ಮೋಟಾರ್ ಸೈಕಲ್ಲಿನಲ್ಲಿ ಮಾನ್ವಿಗೆ ಬಂದು ಹೋಗಿ ಮಾಡತೊಡಗಿದ. ಸಿರವಾರ ದಾಟಿ ದೇವದುರ್ಗದ ದಾರಿಯಲ್ಲಿ ಒಂದು ಮಧ್ಯಾಹ್ನ ಅವನ ಮುಂದೆ ಒಂದು ಟ್ರ್ಯಾಕ್ಟರ್ ನಿಂತಿತ್ತು. ಮದುವೆಯ ಹಂದರಕ್ಕೆಂದು ಬಿದಿರಿನ ಗಳ, ಮೇಲೆ ಹೊರೆಹೊರೆ ಹಸಿರೆಲೆಯ ತೊಪ್ಪಲು. ಹಿಂದಕ್ಕೆ ಚಾಚಿದ ಗಳಗಳ ತುದಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಅಣ್ಣ ನೇರವಾಗಿ ಆ ಗಳಗಳಿಗೇ ಹೋದ.

ಮಣ್ಣಿಗೆ ಬಂದವರು ಅಂಗಳದಲ್ಲಿ ನಿಂತು ಆಡಿದ ಮಾತು ನನಗೆ ಇವತ್ತಿಗೂ ಕೇಳುತ್ತದೆ. ಬಿಸಿಲು ಚಚ್ಚುವ ಹಗಲಿನಲ್ಲಿ, ಅಷ್ಟು ದೊಡ್ಡ ಕೆಂಪು ಬಟ್ಟೆ ಕಾಣಲಿಲ್ಲವೆಂದರೆ ಕುಡಿದೇ ಇರಬೇಕು. ಯಾರೂ ಗಟ್ಟಿಯಾಗಿ ಅನ್ನಲಿಲ್ಲ. ಗಟ್ಟಿಯಾಗಿ ಅಂದಿದ್ದರೆ ಅಲ್ಲವೆನ್ನಬಹುದಿತ್ತು. ಅಪ್ಪ ಆ ಮಾತನ್ನೇ ನಂಬಿಕೊಂಡು ತೀರಿಹೋದರು. ಅವ್ವ ಅಲಮಾರಿಗೆ ಕೀಲಿ ಹಾಕಿದಳು.

ಒಗ್ಗರಣೆ ತಿಂದು ಹೊರಟೆವು. ಕಾರಿನ ಹಿಂದೆ ಮುಂದೆ ಮಗ ತಾನೇ ಬರೆದ ಕೆಂಪು ಎಲ್ ಅಕ್ಷರದ ಹಾಳೆ. ಕೆಂಪು ಸ್ಕೆಚ್ ಪೆನ್ನಿನ ಮೈಮೇಲೆ ಬಣ್ಣದ ಹೆಸರಿತ್ತೇ, ಅದನ್ನು ಓದಿ ಆರಿಸಿದನೇ ಎಂದು ಆಗ ಯೋಚಿಸಿದೆ. ಹಿಂದಿನ ಸೀಟಿನಲ್ಲಿ ಕೂತು ಅವನ ಕತ್ತಿನ ಹಿಂಭಾಗವನ್ನೇ ನೋಡುತ್ತಿದ್ದೆ. ಕ್ಷೌರ ಮಾಡಿಸಿದ ಅಂಚು, ಕಿವಿಯ ಹಿಂದೊಂದು ಮಚ್ಚೆ. ಹೊಡೆಯುವುದು ಚೆನ್ನಾಗಿಯೇ ಹೊಡೆಯುತ್ತಿದ್ದ. ಊರು ಬಿಡುವ ಮೊದಲಿನ ಸಿಗ್ನಲ್ಲಿನಲ್ಲಿ ಸರಿಯಾಗಿ ನಿಂತ. ನನಗೆ ಹೋದ ಉಸಿರು ಬಂತು.

"ಈಗ ಯಾವುದು ಹತ್ತೇದೋ?" ಎಂದೆ.

"ಮ್ಯಾಲಿಂದು."

"ಬಣ್ಣ?"

"ಮ್ಯಾಲಿಂದು ಅಂದ್ರ ಕೆಂಪಲ್ಲೇನು ಮಮ್ಮಿ? ಕೆಳಗಿಂದು ಹತ್ತಿದ್ರ ಹೋಗೋದು."

ಮನೆಯವರು ನಕ್ಕರು. "ನಿಮ್ಮವ್ವ ಈಗಲೇ ಪರೀಕ್ಷೆ ತಗೋಳಾಕತ್ತಾಳ ನೋಡು."

ಕಲ್ಲೂರು ದಾಟಿದ ಮೇಲೆ ರಸ್ತೆ ಬದಿಯ ಹೊಲದಲ್ಲಿ ಮೆಣಸಿನ ಗಿಡ. ದಟ್ಟ ಎಲೆಗಳ ನಡುವೆ ಹಣ್ಣುಮೆಣಸಿನಕಾಯಿ ಕಿಡಿ ಸಿಡಿದಂತೆ ತೂಗಾಡುತ್ತಿದ್ದವು. ಕಾಯಿ ಹಣ್ಣಾದದ್ದು ನೋಡು ಎಂದೆ. ಮಗ ಒಂದು ಸಲ ಕಣ್ಣು ಹಾಯಿಸಿ, "ಎಲ್ಲಿ? ಬರೀ ಗಿಡ ಅದಾವಲ್ಲ" ಎಂದ. "ಗಾಡಿ ಹೊಡಿಯಾವನಿಗೆ ಹೊಲ ಏನ್ ತೋರಸ್ತೀ, ಸುಮ್ಮನ ಕೂಡು" ಎಂದು ಮನೆಯವರು ಗದರಿದರು. ಅವರಿಗೆ ಏನೆಂದು ಹೇಳಲಿ? ಆಟದೊಳಗಿನ ಒಂದು ಕಾರಿನ ಬಣ್ಣ ನೋಡಿ ಬೆಳಿಗ್ಗೆಯಿಂದ ಹೆದರಿದ್ದೇನೆ ಎಂದೇ?

ಕಾನ್ವೆಂಟಿನ ಜೀವಶಾಸ್ತ್ರದ ಸಿಸ್ಟರ್ ನೆನಪಾದರು. ಕರಿಹಲಗೆಯ ಮೇಲೆ ಹುಡುಗರಿಗೆ ಚೌಕ, ಹುಡುಗಿಯರಿಗೆ ದುಂಡು ಬರೆದು ಗೆರೆ ಎಳೆದಿದ್ದರು. ಕೆಂಪು ಹಸಿರು ಬೇರೆ ಬೇರೆ ಕಾಣದ ಗಂಡುಮಕ್ಕಳ ಚೌಕಕ್ಕೆ ಪೂರ್ತಿ ಸೀಮೆಸುಣ್ಣ, ಅವರ ತಾಯಂದಿರ ದುಂಡಿಗೆ ಅರ್ಧ. ತಾಯಿಗೆ ಎಲ್ಲ ಬಣ್ಣವೂ ಕಾಣುತ್ತದೆ, ಕೊಡುವುದು ಮಾತ್ರ ಅವಳೇ ಎಂದು ಅರ್ಥವಾಗುವಂತೆ ಹೇಳಿದ್ದರು. ನಾನು ಅದನ್ನು ಅಂದವಾಗಿ ಬರೆದುಕೊಂಡು, ಸ್ಕೇಲಿಟ್ಟು ಗೆರೆ ಹೊಡೆದು ಒಳ್ಳೆಯ ಅಂಕ ಪಡೆದಿದ್ದೆ. ಅದು ನಮ್ಮ ಮನೆಯ ಚಿತ್ರವಿರಬಹುದೆಂದು ಹೊಳೆದಿರಲಿಲ್ಲ.

ಮಾನ್ವಿಯ ಮನೆಯಲ್ಲಿ ಅವ್ವನ ಜೊತೆ ಅಕ್ಕನ ಸಂಸಾರವಿದೆ. ಅಂದು ಅಕ್ಕನವರು ಬಸುರಿಯೊಬ್ಬಳ ಕುಬಸಕ್ಕೆಂದು ಮಲ್ಲಟಕ್ಕೆ ಹೋಗಿದ್ದರು. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮೊಮ್ಮಗ ಗಾಡಿ ಹೊಡೆದುಕೊಂಡು ಬಂದನೆಂದು ಕೇಳಿ ಅವನ ಕೆನ್ನೆ ನೇವರಿಸಿ ನೆಟಿಗೆ ತೆಗೆದಳು.

"ಥೇಟ್ ಅವರ ಮಾವ. ಕುಂತರೂ ಅಂವಾನೇ, ನಿಂತರೂ ಅಂವಾನೇ."

ಎಷ್ಟೋ ಸಲ ಕೇಳಿದ ಮಾತು. ಆ ದಿನ ಕೇಳಲಾಗಲಿಲ್ಲ.

"ಯವ್ವಾ, ಅಲಮಾರಿ ಕೀಲಿ ಕೊಡು."

ಅವ್ವನ ಕೈ ನಿಂತಿತು. "ಯಾಕ ಬೇ?"

"ಅಣ್ಣ ಬರೆದ ಕಾರು ನೋಡಬೇಕು."

ಅವಳು ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಸೊಂಟದಿಂದ ಕೀಲಿ ತೆಗೆದು, ನನ್ನ ಕೈಗೆ ಕೊಡದೆ, ತಾನೇ ಗೋಡೆ ಹಿಡಿದು ಎದ್ದು ಒಳಕೋಣೆಗೆ ನಡೆದಳು. ಬಾಗಿಲು ಕಿರುಗುಟ್ಟಿ ತೆರೆದಾಗ ಡಾಂಬರು ಗುಳಿಗೆಯ ವಾಸನೆ, ಅದರಡಿಯಲ್ಲಿ ಹಳೆಯ ಬಣ್ಣದ ವಾಸನೆ. ಅಣ್ಣನ ಎರಡು ಅಂಗಿ ಮಡಚಿಟ್ಟಿದ್ದವು. ಬಾಗಿಲಿನ ಒಳಮೈಯಲ್ಲಿ ಕಾರು. ಅಲ್ಲಲ್ಲಿ ಸಿಪ್ಪೆ ಎದ್ದಿತ್ತು, ಚಕ್ರವೊಂದು ಮಾಸಿಹೋಗಿತ್ತು. ಇಟ್ಟಂಗಿ ಬಣ್ಣ ಮಾತ್ರ ನಿನ್ನೆ ಹಚ್ಚಿದಂತಿತ್ತು.

ಮಗ ನನ್ನ ಹೆಗಲ ಮೇಲಿಂದ ಇಣುಕಿದವನು ಒಂದೇ ಸಲ ಕಿರುಚಿದ.

"ಅರೇ! ಇದು ನಾನು ಮಾಡಿದ್ದೇ ಕಾರು! ಮಮ್ಮಿ, ಮಾಮಾ ಎಷ್ಟು ಕರೆಕ್ಟ್ ಗ್ರೀನ್ ಹಚ್ಚ್ಯಾನ ನೋಡು!"

ಮನೆಯವರು ಬಾಗಿಲನ್ನು ನೋಡಿದರು, ಮಗನನ್ನು ನೋಡಿದರು. "ಏನಂದಿ?" ಎಂದು ನಕ್ಕರು. ಮಗ ಫೋನ್ ತೆಗೆದು ಆ ಹಳೆಯ ಫೋಟೋವನ್ನು ಬಾಗಿಲಿಗೆ ಒತ್ತಿ ಹಿಡಿದ. ಬೇವಿನ ಹಸಿರು, ಪಕ್ಕದಲ್ಲಿ ಇಟ್ಟಂಗಿ ಕೆಂಪು. "ನೋಡ್ರಿ ಪಪ್ಪಾ, ಒಂದೇ." ಮನೆಯವರು ನಗುವುದನ್ನು ನಿಲ್ಲಿಸಿದ್ದು ಆಗ.

"ಯವ್ವಾ," ಎಂದೆ, "ರೈಲ್ವೆದವರು ಅಣ್ಣನ್ನ ಯಾಕ ತಿರುಗಿ ಕಳಿಸಿದ್ರು? ನಿನಗರ ಹೇಳಿದ್ದನೇನು?"

ಅವ್ವ ಅಲಮಾರಿಯ ಅಂಚಿಗೆ ಆನಿಕೊಂಡಳು. "ಏನೋ ಹೇಳಿದ್ದ. ಚುಕ್ಕಿ ಚುಕ್ಕಿ ಚಿತ್ರ ತೋರಸ್ತಾರಂತ. ಅದರಾಗ ಅಂಕಿ ಇರ್ತಾವಂತ. ಎಲ್ಲಾರಿಗೂ ಕಂಡ್ವು ಯವ್ವಾ, ನನಗೊಬ್ಬನಿಗೇ ಕಾಣಲಿಲ್ಲ ಅಂದ. ಅಪ್ಪಗ ಹೇಳಬ್ಯಾಡ ಅಂದ. ಪೇಡೆ ಹಂಚಿದ್ದಕ್ಕ ಯಾರದರ ಕಣ್ಣು ತಾಗಿರಬೇಕಂತ ನಾನು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕಿದೆ. ಘಾಟೂ ಬರಲಿಲ್ಲ. ಹಂಗಾರ ಕಣ್ಣು ಬಾಳ ತಾಗೇದಂತ ಮತ್ತೊಮ್ಮೆ ನಿವಾಳಿಸಿದೆ."

ನಮ್ಮ ಕಡೆ ದೃಷ್ಟಿ ತಾಗಿದ್ದರೆ ಒಲೆಗೆ ಬಿದ್ದ ಮೆಣಸಿನಕಾಯಿ ಘಾಟು ಬರುವುದಿಲ್ಲ ಎನ್ನುತ್ತಾರೆ. ಕಣ್ಣಿನ ತೊಂದರೆಗೆ ಅವ್ವ ಊರವರ ಕಣ್ಣನ್ನು ದೂರಿದ್ದಳು. ಆಮೇಲೆ ಅವನು ಹೋದಾಗಲೂ ಅದನ್ನೇ.

"ಯವ್ವಾ, ಅಣ್ಣ ಕುಡಿದಿದ್ದಿಲ್ಲ."

"ನನಗ ಗೊತ್ತದ ಅದು," ಎಂದಳು ಅವ್ವ, ಸಿಟ್ಟಿನಿಂದ. "ಅಂವಾ ಕುಡಿತಿದ್ದಿಲ್ಲ."

"ಅವನಿಗೆ ಕೆಂಪು ಬಟ್ಟಿ ಕಂಡಿರಲಿಕ್ಕಿಲ್ಲ. ಹಸಿ ತೊಪ್ಪಲದಾಗ ಅದೂ ತೊಪ್ಪಲದಂಗೇ ಕಂಡಿರಬೇಕು. ಈ ಕಾರು ಅವನಿಗೆ ಹಸಿರಂತ ಕಂಡಂಗ."

ಖಂಡಿತ ಹಾಗೆಯೇ ಆಯಿತೆಂದು ಹೇಳಲು ನಾನು ಯಾರು? ಆ ಮಧ್ಯಾಹ್ನ ಅವನ ಕಣ್ಣೊಳಗೆ ನಾನಿರಲಿಲ್ಲ. ಆದರೂ ಹೇಳಿದೆ. ಅವ್ವ ಅಳಬಹುದು, ಹಗುರಾಗಬಹುದು ಎಂದುಕೊಂಡಿದ್ದೆ. ಅವಳು ಅಳಲಿಲ್ಲ. ಬಾಗಿಲಿನಿಂದ ಕಣ್ಣು ಕಿತ್ತು ನನ್ನ ಮಗನ ಕಡೆ ತಿರುಗಿದಳು.

"ಹಂಗಾರ ಇವನಿಗೆ?"

ಮಗ ಒಬ್ಬೊಬ್ಬರ ಮುಖವನ್ನೂ ನೋಡಿದ. "ನೀವೆಲ್ಲಾ ಕೂಡಿ ತಮಾಷಿ ಮಾಡಾಕತ್ತೀರಿ," ಎಂದ. ಆಮೇಲೆ ಸಣ್ಣ ದನಿಯಲ್ಲಿ, "ಮತ್ತ ಇದು ಯಾವ ಬಣ್ಣ?"

"ಇಟ್ಟಂಗಿ," ಎಂದೆ.

ಅವನು ಬೆರಳಿನಿಂದ ಆ ಕಾರಿನ ಮೈಯನ್ನು ಸವರಿದ. ಒಂದು ಸಿಪ್ಪೆ ಉದುರಿ ಅವನ ಅಂಗೈಗೆ ಬಿತ್ತು. ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ನನಗ ಬರೊಬ್ಬರಿ ಕಾಣತದ," ಎಂದ. ಆ ಕಾರು ಹಸಿರಾಗಿ ಕಂಡ ಇನ್ನೊಬ್ಬನು ಆ ಕೋಣೆಯಲ್ಲೇ ಎಲ್ಲೋ ಇದ್ದಾನೆ, ಇಷ್ಟು ವರ್ಷಗಳ ಮೇಲೆ ತನ್ನ ಮಾತಿಗೆ ಹೌದೆನ್ನುವವನೊಬ್ಬ ಸಿಕ್ಕಿದ್ದಕ್ಕೆ ನಗುತ್ತಿದ್ದಾನೆ ಎನಿಸಿ, ನಾನು ಆ ಎರಡು ಅಂಗಿಗಳ ಕಡೆ ನೋಡಲಿಲ್ಲ.

ತಿರುಗಿ ಬರುವಾಗ ಮನೆಯವರೇ ಹೊಡೆದರು. ಯಾರೂ ಕೇಳುವ ಮೊದಲೇ ಮಗ ಕೀಲಿಕೈ ಕೊಟ್ಟು, ಹಿಂದೆ ನನ್ನ ಪಕ್ಕ ಬಂದು ಕೂತ. ಹೊರಡುವಾಗ ಅವ್ವ ಅವನ ಸುತ್ತ ಮೆಣಸಿನಕಾಯಿ ನಿವಾಳಿಸಲು ಹೋಗಿ, ಅರ್ಧಕ್ಕೇ ಕೈ ಇಳಿಸಿ, ಮುಷ್ಟಿಯಲ್ಲಿದ್ದುದನ್ನು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದಳು. ಊರ ಹೊರಗೆ ಸಿರವಾರ, ದೇವದುರ್ಗದ ಕಡೆಯ ರಸ್ತೆ ಒಡೆಯುವಲ್ಲಿ ನಾನು ಯಾವಾಗಲೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ಆ ದಿನ ತೆರೆದೇ ಇಟ್ಟಿದ್ದೆ.

"ನಾಳೆ ಕಣ್ಣಿನ ಡಾಕ್ಟರ್ ಕಡೆ ಹೋಗೋಣು," ಎಂದರು ಮನೆಯವರು, ಕನ್ನಡಿಯಲ್ಲಿ ಅವನನ್ನು ನೋಡುತ್ತ. "ಅವರು ಏನಂತಾರ ನೋಡಿ ಮುಂದ ಲೈಸೆನ್ಸ್ ಮಾತು."

ಮಗ ಕಿಟಕಿಗೆ ಹಣೆ ಹಚ್ಚಿ ಕೂತಿದ್ದ. ಸ್ವಲ್ಪ ದೂರ ಹೋದ ಮೇಲೆ ಹೊರಗೆ ಬೆರಳು ತೋರಿಸಿ, "ಅದು?" ಎಂದ.

"ಕೆಂಪು. ಧ್ವಜ."

"ಅದು?"

"ಹಸಿರು. ನೆಲ್ಲು."

"ಆ ಹೆಂಗಸಿನ ಸೀರಿ?"

"ಕೆಂಪು."

"ಆ ನೆಲ್ಲಿನಂಗೇ ಅದ," ಎಂದ. ರಾಯಚೂರಿನ ಅಕ್ಕಿ ಗಿರಣಿಗಳ ಹೊಗೆ ಕಾಣುವವರೆಗೂ ಹೀಗೇ ಕೇಳುತ್ತ ಬಂದ. ನಾನು ಹೇಳುತ್ತ ಬಂದೆ. ಅವನು ಕೇಳಿದಾಗಲೆಲ್ಲ ಹೇಳಲು ನಾನು ಪಕ್ಕದಲ್ಲಿರುತ್ತೇನೆಯೇ ಎಂಬ ಯೋಚನೆ ಬಿಡಲಿಲ್ಲ.

ಓಣಿಗೆ ಬಂದಾಗ ಇನ್ನೂ ಬೆಳಕಿತ್ತು. ಆಪಾರ ರಾಡುಗಳು ಬಂದಿದ್ದವು. ಅವುಗಳನ್ನು ಹೊತ್ತ ಟ್ರ್ಯಾಕ್ಟರ್ ಅವರ ಬಾಗಿಲಲ್ಲಿ ನಿಂತಿತ್ತು. ಟ್ರಾಲಿಯಿಂದ ಹಿಂದಕ್ಕೆ ಚಾಚಿದ ಕಬ್ಬಿಣ ಬೇವಿನ ಗಿಡದ ಜೋತ ಕೊಂಬೆಗಳೊಳಗೆ ಹೊಕ್ಕು ಈಚೆ ಬಂದಿತ್ತು. ಮನೆಯವರು ಓಣಿಯ ಬಾಯಲ್ಲೇ ಕಾರು ನಿಲ್ಲಿಸಿದರು. ಮಗ ಇಳಿದು, ಅಂಗೈಯಲ್ಲಿನ ಆ ಬಣ್ಣದ ಸಿಪ್ಪೆಯನ್ನು ನೋಡುತ್ತ, ಒಮ್ಮೆ ತಲೆ ಎತ್ತಿ ದಾರಿ ನೋಡಿ, ಮತ್ತೆ ತಲೆ ತಗ್ಗಿಸಿ ಮನೆಯ ಕಡೆ ನಡೆದ. ನೇರವಾಗಿ ಕೊಂಬೆಗಳ ಕಡೆಗೆ. ತಲೆ ಎತ್ತಿ ನೋಡಿಯೂ ಅವನು ಹಾದಿ ಬದಲಿಸದ್ದನ್ನು ನಾನು ಕಂಡಿದ್ದೆ. ಅದಕ್ಕೇ ಓಡಿದೆ. ಓಡಿಹೋಗಿ ಅವನ ಅಂಗಿಯನ್ನು ಹಿಂದಿನಿಂದ ಎಳೆದೆ. ಚಪ್ಪಲಿ ಕಿತ್ತುಹೋಯಿತು. ಅವನ ಎದೆಯಿಂದ ಗೇಣು ದೂರದಲ್ಲಿ, ಎಲೆಗಳ ನಡುವೆ, ರಾಡಿನ ತುದಿಗೆ ಕಟ್ಟಿದ ಬಟ್ಟೆ ಗಾಳಿಗೆ ಮೆಲ್ಲಗೆ ಅಲ್ಲಾಡುತ್ತಿತ್ತು.

ಹೊಸ್ತಿಲ ಮೇಲೆ ಚಹಾದ ಬಸಿ ಹಿಡಿದು ನಿಂತಿದ್ದ ಆಪಾ ನಕ್ಕುಬಿಟ್ಟರು.

"ಯಾಕ್ರಿ ಅಕ್ಕಾ, ಇಷ್ಟ್ಯಾಕ ಹೆದರ್ತೀರಿ? ಅಷ್ಟು ದೊಡ್ಡ ಕೆಂಪು ಬಟ್ಟಿ ಕಟ್ಟಿಸೀನಿ. ಕಣ್ಣಿದ್ದವರಿಗೆ ಕಾಣಂಗಿಲ್ಲೇನ್ರಿ ಅದು?"